ಹೊಸ ಹಣ್ಣಿನ ಗಿಡಗಳು: ಸಸಿಗೆ ಮೊದಲು ಚಳಿಯ ಲೆಕ್ಕ



ಮಾವು, ತೆಂಗು, ಹಿಪ್ಪುನೇರಳೆಗಳನ್ನು ನಂಬಿ ಬಾಳಿದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ರೈತರು ಈಚೆಗೆ ಸೇಬು, ಬೆಣ್ಣೆಹಣ್ಣು, ಡ್ರ್ಯಾಗನ್ ಹಣ್ಣುಗಳ ಕಡೆಗೂ ನೋಡುತ್ತಿದ್ದಾರೆ. ಇವುಗಳನ್ನು ಕ್ರಿಯಾಯೋಜನೆಗೆ ಸೇರಿಸಬೇಕೆಂಬ ಅರ್ಜಿ ಗ್ರಾಮಸಭೆಗೆ ಬಂದಾಗ ಅದನ್ನು ಪರಿಶೀಲಿಸಬೇಕಾದವರು ಸದಸ್ಯರೇ. ಇಲ್ಲಿಯ ಹವೆ ತಂಪು, ಆದುದರಿಂದ ತಂಪುನಾಡಿನ ಹಣ್ಣು ಬಂದೇ ಬರುತ್ತದೆ ಎಂದು ಸಸಿ ಮಾರುವವರು ಹೇಳುವುದುಂಟು. ಈ ಮಾತಿನಲ್ಲಿ ಅರ್ಧವಷ್ಟೇ ಸತ್ಯ.

ಸೇಬಿನ ಗಿಡವು ಚಳಿಗಾಲದಲ್ಲಿ ಎಲೆ ಉದುರಿಸಿ ವಿಶ್ರಮಿಸುತ್ತದೆ. ಮತ್ತೆ ಮೊಗ್ಗು ಒಡೆಯಬೇಕಾದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಇಂತಿಷ್ಟು ಗಂಟೆಗಳನ್ನು ಅದು ಕಳೆದಿರಬೇಕು. ಕಾಶ್ಮೀರ, ಹಿಮಾಚಲಗಳ ಹೆಸರಾಂತ ತಳಿಗಳಿಗೆ ಸಾಮಾನ್ಯವಾಗಿ 800 ಗಂಟೆಗೂ ಹೆಚ್ಚು ಚಳಿ ಬೇಕಾಗುತ್ತದೆ. ಮಾಗಡಿಯ ಡಿಸೆಂಬರ್ ಮುಂಜಾವು ಎಷ್ಟೇ ನಡುಗಿಸಿದರೂ ಆ ಮಟ್ಟಕ್ಕೆ ಇಳಿಯುವುದು ಅಪರೂಪ. ಕಡಿಮೆ ಚಳಿಗೆ ಒಗ್ಗುವ ತಳಿಗಳು ಇವೆ, ನಿಜ: ಇಸ್ರೇಲಿನ ಅನ್ನಾ, ಹಿಮಾಚಲದ ಬಿಲಾಸ್‌ಪುರದಲ್ಲಿ ಹರಿಮನ್ ಶರ್ಮಾ ಅವರು ರೂಪಿಸಿದ ಎಚ್‌ಆರ್‌ಎಂಎನ್-99. ಆದರೆ ಹಿತ್ತಲಿನ ಎರಡು ಗಿಡ ಕಾಯಿ ಬಿಡುವುದು ಬೇರೆ, ಎಕರೆ ತೋಟ ಸಂಸಾರ ಸಾಕುವುದು ಬೇರೆ.

ಬೆಣ್ಣೆಹಣ್ಣಿನ ಸಂಗತಿ ಹಾಗಲ್ಲ. ಅದಕ್ಕೆ ಅಂಥ ಚಳಿ ಬೇಕಿಲ್ಲ. ಕಡುಬಿಸಿಲು, ಒಣಗಾಳಿ ಮತ್ತು ಬುಡದಲ್ಲಿ ನಿಂತ ನೀರು ಮಾತ್ರ ಆಗದು. ನೀರು ನಿಂತರೆ ಬೇರು ಕೊಳೆತು ಬೆಳೆದ ಮರವೂ ಸಾಯುತ್ತದೆ. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಎಂಬ ತಳಿಗಳನ್ನು ನೀಡಿದೆ. ಈ ಮರದ ಹೂವಿನ ನಡೆ ವಿಚಿತ್ರವಾದುದು. ಒಂದೇ ಹೂ ಎರಡು ಬಾರಿ ಅರಳುತ್ತದೆ, ಮೊದಲು ಹೆಣ್ಣಾಗಿ, ಬಳಿಕ ಗಂಡಾಗಿ. ಕೆಲವು ತಳಿಗಳಲ್ಲಿ ಹೆಣ್ಣು ಹೂ ಬೆಳಗ್ಗೆ ಅರಳಿದರೆ, ಉಳಿದವುಗಳಲ್ಲಿ ಮಧ್ಯಾಹ್ನ. ಎರಡೂ ಗುಂಪಿನ ಮರಗಳು ಅಕ್ಕಪಕ್ಕದಲ್ಲಿದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ತೋಟಕ್ಕೆಲ್ಲ ಒಂದೇ ತಳಿ ಹಾಕಿದವರು ಹೂ ಕಂಡು ಹಿಗ್ಗಿ, ಕಾಯಿ ಕಾಣದೆ ಗೊಬ್ಬರವನ್ನು ದೂರುತ್ತಾರೆ. ಕಸಿಗಿಡವು 3–4 ವರ್ಷಕ್ಕೆ ಫಲಕ್ಕೆ ಬರುತ್ತದೆ. ಬೀಜದ ಗಿಡಕ್ಕೆ ಇನ್ನೂ ಹೆಚ್ಚು ಕಾಲ ಬೇಕು, ಹಣ್ಣಿನ ಗುಣವೂ ತಾಯಿಮರದಂತೆಯೇ ಇರುವುದೆಂಬ ಭರವಸೆಯಿಲ್ಲ. ಸುಮಾರು 900 ಮೀಟರ್ ಎತ್ತರದ ಮಾಗಡಿಗೆ ಒಗ್ಗಿದುದು, ಸಂಗಮದ ಕಡೆಗೆ ಇಳಿಯುವ ಕನಕಪುರದ ಬಿಸಿ ಹೊಲಗಳಲ್ಲಿ ಎಳೆಯದರಲ್ಲೇ ನೆರಳಿಲ್ಲದೆ ಸೊರಗಬಹುದು.

ಡ್ರ್ಯಾಗನ್ ಹಣ್ಣು ತಂಪುನಾಡಿನದೇ ಅಲ್ಲ, ಅದು ಕಳ್ಳಿಯ ಜಾತಿ. ನೀರು ಕಡಿಮೆ ಸಾಕು. ಆದರೆ ಕಲ್ಲುಕಂಬಗಳಿಗೆ ಮೊದಲೇ ಹಣ ಸುರಿಯಬೇಕು. ಅದಕ್ಕಾಗಿ ತುಮಕೂರು ಬಳಿಯ ಹಿರೇಹಳ್ಳಿಯಲ್ಲಿ ಉತ್ಕೃಷ್ಟತಾ ಕೇಂದ್ರಕ್ಕೆ 2023ರಲ್ಲಿ ಕೇಂದ್ರ ಸರ್ಕಾರದ ಅನುಮೋದನೆ ದೊರೆತಿದೆ.

ಅರ್ಜಿಯಲ್ಲಿ ತಳಿಯ ಹೆಸರು, ಕಸಿಯೋ ಬೀಜದ್ದೋ ಎಂಬ ವಿವರ, ಬೇಸಿಗೆಯ ನೀರಿನ ಮೂಲ ಇವು ಬರೆದಿರಲಿ. ಸಂದೇಹವಿದ್ದಲ್ಲಿ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು. ಬೆಣ್ಣೆಹಣ್ಣಿನ ಜಾಗದಲ್ಲಿ ಎರಡು ಅಡಿ ಗುಣಿ ತೋಡಿ, ಸಂಜೆ ನೀರು ತುಂಬಿಸಿ ಬಿಡಬೇಕು. ಬೆಳಗ್ಗೆಯೂ ನೀರು ನಿಂತಿದ್ದರೆ ಆ ಜಾಗ ಬೇಡ.