ಮೌನ ಹಿಡಿದ ಆಟಿಕೆ

ಮಕ್ಕಳ ಆಟದ ಯಂತ್ರವೊಂದು ಅಲುಗಾಡದೆ ಕುಳಿತಿತೆಂದರೆ ಮನೆಯಲ್ಲಿ ಎರಡು ತೀರ್ಪುಗಳು ಹೊರಬೀಳುತ್ತವೆ. ‘ಕೆಟ್ಟುಹೋಗಿದೆ, ಗುಜರಿಗೆ ಹಾಕಿ’ ಎಂಬುದು ಹಿರಿಯರದು. ‘ನನಗೆ ಇದು ಬರುವುದಿಲ್ಲ’ ಎಂಬುದು ಮಗುವಿನದು. ಮೊದಲನೆಯದರಿಂದ ನಷ್ಟವಾಗುವುದು ಒಂದು ವಸ್ತು. ಎರಡನೆಯದರಿಂದ ನಷ್ಟವಾಗುವುದು ಮಗುವಿನ ಧೈರ್ಯ. ಇವೆರಡೂ ಎಷ್ಟು ಅವಸರದ ತೀರ್ಪುಗಳೆಂಬುದನ್ನು ಒಂದು ನಿದರ್ಶನದಿಂದ ತಮ್ಮ ಮುಂದಿಡಬಯಸುತ್ತೇನೆ.

ಡೆನ್ಮಾರ್ಕ್ ದೇಶದ ಲೆಗೊ ಸಂಸ್ಥೆಯು 1998ರಲ್ಲಿ ‘ಮೈಂಡ್‌ಸ್ಟಾರ್ಮ್ಸ್’ ಎಂಬ ಆಟದ ಪೆಟ್ಟಿಗೆಯನ್ನು ಹೊರತಂದಿತು. ಸೀಮೋರ್ ಪೇಪರ್ಟ್ ಎಂಬ ವಿದ್ವಾಂಸರು 1980ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಹೆಸರನ್ನು ಆರಿಸಿಕೊಂಡರು. ‘ಆರ್‌ಸಿಎಕ್ಸ್’ ಎಂಬ ಹಳದಿಯ ಇಟ್ಟಿಗೆಯೇ ಈ ಆಟಿಕೆಯ ಮಿದುಳು. ಅದಕ್ಕೆ ಮೂರು ಮೋಟಾರುಗಳನ್ನೂ ಮೂರು ಸಂವೇದಕಗಳನ್ನೂ ಜೋಡಿಸಬಹುದು. ಮಗು ಕಂಪ್ಯೂಟರಿನಲ್ಲಿ ಬರೆದ ಆಜ್ಞೆಗಳನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಮೂಲಕ ಇಟ್ಟಿಗೆಗೆ ಮುಟ್ಟಿಸುವ ಉಪಕರಣಕ್ಕೆ ‘ಟವರ್’ ಎಂದು ಹೆಸರು. 2001ರ ಪೆಟ್ಟಿಗೆಯಲ್ಲಿ ಬಂದದ್ದು ಯುಎಸ್‌ಬಿ ತಂತಿಯ ಟವರ್. ಇಂದಿನ 64 ಬಿಟ್ ವಿಂಡೋಸಿಗೆ ಇದರ ಚಾಲಕ ತಂತ್ರಾಂಶವನ್ನು ಸಂಸ್ಥೆ ಒದಗಿಸಲಿಲ್ಲ. 2022ರ ಕೊನೆಗೆ ಮೈಂಡ್‌ಸ್ಟಾರ್ಮ್ಸ್ ಆಟಿಕೆಗಳ ತಯಾರಿಕೆಯನ್ನೇ ನಿಲ್ಲಿಸಿತು. ಆದರೆ ಲೈನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಆರಂಭಿಸಿದ ಲಿನಕ್ಸಿನಲ್ಲಿ ಈ ಟವರಿಗೆ ಚಾಲಕವುಂಟು. ಅದರ ಬರಹ ಎಲ್ಲರೂ ಓದಬಹುದಾದ ಬಯಲು ಬರಹ.

ಹೀಗಿದ್ದೂ ಟವರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದೊಡನೆ ಆಟ ಸಾಗದೆ ಇರಬಹುದು. ಆಗ ಮಾಡಬೇಕಾದದ್ದೇನು? ಒಂದು ಹಳಗನ್ನಡ ಪದ್ಯಕ್ಕೆ ಅರ್ಥವಾಗದಿದ್ದರೆ ನಾವು ಗ್ರಂಥವನ್ನು ಎಸೆಯುವುದಿಲ್ಲ. ಪದಚ್ಛೇದ ಮಾಡುತ್ತೇವೆ, ವಿಭಕ್ತಿ ಹುಡುಕುತ್ತೇವೆ, ಅನ್ವಯ ಎಲ್ಲಿ ತಪ್ಪಿತೆಂದು ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮ.

ಮೊದಲನೆಯ ಪ್ರಶ್ನೆ: ಲ್ಯಾಪ್‌ಟಾಪಿಗೆ ಟವರ್ ಕಂಡಿತೆ? ಯುಎಸ್‌ಬಿ ಉಪಕರಣವು ಸಿಕ್ಕಿಸಿದ ಕೂಡಲೆ, ವಟು ಹಿರಿಯರಿಗೆ ಪ್ರವರ ಹೇಳುವಂತೆ, ತನ್ನ ಕುಲವನ್ನೂ ಹೆಸರನ್ನೂ ಎರಡು ಸಂಖ್ಯೆಗಳಲ್ಲಿ ಒಪ್ಪಿಸುತ್ತದೆ. ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆ ಕೊಟ್ಟು ನೋಡಿ. 0694 ಎಂಬುದು ಲೆಗೊ ಸಂಸ್ಥೆಯ ಸಂಖ್ಯೆ, 0001 ಎಂಬುದು ಟವರಿನದು. ಇವು ಕಾಣದಿದ್ದರೆ ದೋಷ ತಂತಿಯಲ್ಲಿದೆ, ಇಲ್ಲವೆ ಅದನ್ನು ಸಿಕ್ಕಿಸಿದ ಕಿಂಡಿಯಲ್ಲಿದೆ.

ಎರಡನೆಯದು: ದುಭಾಷಿ ಬಂದನೆ? ಈ ಟವರಿನ ಚಾಲಕದ ಹೆಸರು ‘ಲೆಗೊಯುಎಸ್‌ಬಿಟವರ್’. ಅದು ಕೆಲಸಕ್ಕೆ ನಿಂತಿದ್ದರೆ ‘ಡೆವ್’ ಕಡತಕೋಶದೊಳಗಣ ‘ಯುಎಸ್‌ಬಿ’ ಕೋಶದಲ್ಲಿ ಅದೇ ಹೆಸರಿನ ಮುಂದೆ ಸೊನ್ನೆ ಸೇರಿದ ಬಾಗಿಲೊಂದು ತೋರುತ್ತದೆ.

ಮೂರನೆಯದು: ಆ ಬಾಗಿಲನ್ನು ತೆರೆಯಲು ಅಪ್ಪಣೆಯುಂಟೆ? ಅನೇಕರು ಸೋಲುವುದು ಇಲ್ಲಿಯೇ. ಬಾಗಿಲು ಇದೆ, ಆದರೆ ಅದರ ಒಡೆತನ ಯಂತ್ರದ ಯಜಮಾನನದು. ಮಗುವಿನ ಹೆಸರಿನಲ್ಲಿ ಹೋದವರಿಗೆ ಪ್ರವೇಶವಿಲ್ಲ. ಪ್ರತಿಸಲವೂ ‘ಸುಡೊ’ ಎಂದು ಯಜಮಾನನ ಅಧಿಕಾರವನ್ನೇ ಹಿಡಿದು ನುಗ್ಗುವುದು ಸುಲಭೋಪಾಯ. ಆದರೆ ಉಗ್ರಾಣದ ಬೀಗದ ಗೊಂಚಲನ್ನು ಆಟಕ್ಕಾಗಿ ಮಗುವಿನ ಕೈಗೆ ಕೊಡುವುದು ವಿವೇಕವಲ್ಲ. ಸರಿಯಾದ ಮಾರ್ಗ ಇದು: ‘ಲೆಗೊ’ ಎಂಬ ಒಂದು ಬಳಗವನ್ನು ರಚಿಸಿ, ಮಗುವಿನ ಖಾತೆಯನ್ನು ಅದಕ್ಕೆ ಸೇರಿಸಿ. ಸೇರಿಸುವಾಗ ‘ಯೂಸರ್‌ಮಾಡ್’ ಆಜ್ಞೆಯಲ್ಲಿ ‘ಎ’ ಅಕ್ಷರವನ್ನು ಬಿಡಬೇಡಿ. ಬಿಟ್ಟರೆ ಆ ಖಾತೆ ಹಿಂದೆ ಸೇರಿದ್ದ ಇತರ ಬಳಗಗಳಿಂದ ಹೊರಬೀಳುತ್ತದೆ. ಬಳಿಕ ‘ಯುಡೆವ್’ ನಿಯಮಗಳ ಕೋಶದಲ್ಲಿ ಒಂದು ಸಾಲು ಬರೆಯಿರಿ: 0694, 0001 ಎಂಬ ಸಂಖ್ಯೆಗಳ ಉಪಕರಣ ಬಂದರೆ ಅದರ ಬಾಗಿಲು ‘ಲೆಗೊ’ ಬಳಗಕ್ಕೆ ಸೇರಲಿ, ಅನುಮತಿ 0660 ಇರಲಿ. ಆಮೇಲೆ ಖಾತೆಯಿಂದ ಹೊರಬಂದು ಮತ್ತೆ ಒಳಹೋಗಿ. ಟವರನ್ನು ಕಿತ್ತು ಮತ್ತೆ ಸಿಕ್ಕಿಸಿ.

ನಾಲ್ಕನೆಯದು: ಇಟ್ಟಿಗೆ ಕೇಳುತ್ತಿದೆಯೆ? ಟವರನ್ನು ಅದಕ್ಕೆ ಎದುರುಬದುರಾಗಿ ಇಡಬೇಕು. ಪ್ರಖರವಾದ ಬಿಸಿಲು ಕಿರಣದ ಮಾತನ್ನು ಮಸಕುಮಾಡುತ್ತದೆ. ಇಟ್ಟಿಗೆಯ ಆರು ಬ್ಯಾಟರಿಗಳನ್ನು ಬಹುಕಾಲ ತೆಗೆದಿಟ್ಟಿದ್ದರೆ ಅದರ ಮೂಲ ತಂತ್ರಾಂಶವಾದ ಫರ್ಮ್‌ವೇರ್ ಅಳಿದುಹೋಗಿರುತ್ತದೆ. ಪೆಟ್ಟಿಗೆಯೊಡನೆ ಬಂದ ಸಿಡಿಯಲ್ಲಿ ಅದರ ಪ್ರತಿಯುಂಟು. ಮೊದಲು ಅದನ್ನು ತುಂಬಬೇಕು. ಡೇವ್ ಬಾಮ್ ಅವರು ರಚಿಸಿದ ‘ಎನ್‌ಕ್ಯೂಸಿ’ ಎಂಬ ತಂತ್ರಾಂಶ ಈ ಕೆಲಸವನ್ನೂ ಮಾಡುತ್ತದೆ, ಮಗು ಬರೆದ ಆಜ್ಞೆಗಳನ್ನೂ ಕಳುಹಿಸುತ್ತದೆ.

ಈ ನಾಲ್ಕು ಪ್ರಶ್ನೆಗಳಲ್ಲಿ ಯಾವುದಕ್ಕೆ ‘ಇಲ್ಲ’ ಎಂಬ ಉತ್ತರ ಬಂದಿತೋ ಅಲ್ಲಿಯೇ ಕೆಲಸ; ಉಳಿದುದನ್ನು ಕೆದಕಬೇಕಾಗಿಲ್ಲ. ‘ಬರುವುದಿಲ್ಲ’ ಎನ್ನುವ ಮಗು ‘ಎಲ್ಲಿಯವರೆಗೆ ಬಂದಿದೆ’ ಎಂದು ಕೇಳಲು ಕಲಿತರೆ ಗಣಿತದ ಲೆಕ್ಕದಲ್ಲಿಯೂ ವ್ಯಾಕರಣದ ಪಾಠದಲ್ಲಿಯೂ ಆ ಅಭ್ಯಾಸ ಅದರ ಕೈಹಿಡಿಯುತ್ತದೆ.

ತಮ್ಮ ಮನೆಯ ಅಟ್ಟದ ಮೇಲೆ ಇಂಥ ಪೆಟ್ಟಿಗೆಯಿದ್ದರೆ ಈ ಭಾನುವಾರ ಕೆಳಗಿಳಿಸಿ. ಸೋರಿದ ಹಳೆಯ ಬ್ಯಾಟರಿಗಳಿದ್ದರೆ ತಾವೇ ತೆಗೆದು, ಅವು ಕೂರುವ ಜಾಗವನ್ನು ಒರೆಸಿಕೊಡಿ. ಯಜಮಾನನ ಗುಪ್ತಪದವನ್ನು ತಾವೇ ಒತ್ತಿ. ಉಳಿದ ಅಕ್ಷರಗಳನ್ನು ಮಗುವೇ ಒತ್ತಲಿ, ತಡವಾದರೂ ಚಿಂತೆಯಿಲ್ಲ.