ಕ್ವಾಂಟಮ್ ಗಣಕದಲ್ಲಿ ಜಾಲರಿಯ ಕಾವಲು



ಆಳಂದ, ಅಫಜಲಪುರ, ಜೇವರ್ಗಿ ಪ್ರಾಂತದ ಮಠಗಳಲ್ಲಿ ಓಲೆಕಟ್ಟುಗಳನ್ನು ಕಂಡವರಿಗೆ ಲಿಪಿಕಾರನ ಕೈದೋಷವು ಹೊಸ ಸಂಗತಿಯಲ್ಲ. ಒಂದು ಪ್ರತಿಯಲ್ಲಿ ಅಕ್ಷರ ತಪ್ಪಿದರೆ ಬೇರೆ ಪ್ರತಿಗಳನ್ನು ಎದುರಿಟ್ಟು ತಿದ್ದುವದುಂಟು. ಫ. ಗು. ಹಳಕಟ್ಟಿಯವರು ಹಲವೆಡೆಯ ಓಲೆಪ್ರತಿಗಳನ್ನು ಕೂಡಿಸಿಯೇ 1923ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದರು.

ಕ್ವಾಂಟಮ್ ಗಣಕಕ್ಕೆ ಈ ದಾರಿಯು ಮುಚ್ಚಿದೆ. ಅದರ ಮೂಲಾಂಶವಾದ ಕ್ಯೂಬಿಟ್ಟು ಸೊನ್ನೆ, ಒಂದು ಎಂಬೆರಡೂ ಬೆರೆತ ಸ್ಥಿತಿಯಲ್ಲಿರಬಲ್ಲದು. ಅರಿಯದ ಅಂಥ ಸ್ಥಿತಿಗೆ ಪ್ರತಿ ತೆಗೆಯಲಾಗದೆಂದು 1982ರಲ್ಲಿ ಸಿದ್ಧವಾಯಿತು. ನೇರವಾಗಿ ಅಳೆದರೆ ಆ ಬೆರಕೆಯೇ ಅಳಿಯುವದು. ತುಸು ಶಾಖವೂ ಅದನ್ನು ಕೆಡಿಸಬಲ್ಲದು. ಪ್ರತಿಯೂ ಇಲ್ಲ, ನೋಡಲೂ ಕೂಡದು, ತಿದ್ದುವದೆಂತು?

1995ರಲ್ಲಿ ಪೀಟರ್ ಶೋರ್ ಎಂಬ ಪಂಡಿತರು ಒಂದು ಕ್ಯೂಬಿಟ್ಟಿನ ಮಾಹಿತಿಯನ್ನು ಒಂಬತ್ತರಲ್ಲಿ ಹರಡಿ ಮಾರ್ಗವನ್ನು ತೋರಿದರು. ಬಳಿಕ ಅಲೆಕ್ಸಿ ಕಿಟಾಯೆವರು ಅವುಗಳನ್ನು ಜಾಲರಿಯಾಗಿ ಹೊಂದಿಸುವ ಬಗೆಯನ್ನು ಕಂಡರು. ಕಂಬಳಿಯ ಹಾಸುಹೊಕ್ಕಿನಲ್ಲಿ ಒಂದೆಳೆ ತಪ್ಪಿದರೆ ನೆರೆಯ ನೇಯ್ಗೆಯೇ ಅದನ್ನು ತೋರಿಸಿಕೊಡುವದಷ್ಟೆ. ಇಲ್ಲಿಯೂ ಕಾವಲಿನ ಕ್ಯೂಬಿಟ್ಟುಗಳು ನೆರೆಯ ನಾಲ್ಕರ ಪರಸ್ಪರ ಹೊಂದಿಕೆಯನ್ನು ಮಾತ್ರ ವಿಚಾರಿಸುವವು. ಒಂದೊಂದರ ಗುಟ್ಟನ್ನು ಕೇಳವು. ಹೊಂದಿಕೆ ಮುರಿದ ತಾಣಗಳಿಂದ ದೋಷದ ನೆಲೆಯನ್ನು ಊಹಿಸಲಾಗುವದು.

ಆದರೆ ಬಿಡಿ ಕ್ಯೂಬಿಟ್ಟುಗಳ ದೋಷವು ಒಂದು ಮಿತಿಯನ್ನು ಮೀರಿದ್ದರೆ ಜಾಲರಿಯನ್ನು ಹಿಗ್ಗಿಸಿದಷ್ಟೂ ಕೇಡೇ ಹೆಚ್ಚುವದು. 2024ರಲ್ಲಿ ಗೂಗಲ್ ಸಂಸ್ಥೆಯವರು 101 ಕ್ಯೂಬಿಟ್ಟುಗಳವರೆಗೆ ಜಾಲರಿಯನ್ನು ಬೆಳೆಸಿ, ಪ್ರತಿಯೊಂದು ಮೆಟ್ಟಿಲಿಗೂ ದೋಷವು ಅರ್ಧಕ್ಕಿಂತ ಕಡಿಮೆಯಾಗುವದನ್ನು ತೋರಿಸಿದರು. ಈ ಮೂರು ತಾಲೂಕುಗಳ ತರುಣರು ಯಂತ್ರದಲ್ಲಿ ಕ್ಯೂಬಿಟ್ಟುಗಳೆಷ್ಟೆಂಬುದಕ್ಕಿಂತ ಮೊದಲು ಇದನ್ನೇ ಕೇಳತಕ್ಕದ್ದು. ಕೇಳಲು ದೂರದೇಶಕ್ಕೆ ಹೋಗಬೇಕಾಗಿಲ್ಲ. 2023ರಲ್ಲಿ ಮಂಜೂರಾದ ರಾಷ್ಟ್ರೀಯ ಕ್ವಾಂಟಮ್ ಮಿಶನ್ನಿನ ಗಣಕವಿಭಾಗದ ಕೇಂದ್ರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಇದೆ.