ದಂಗೆಯ ದಂಡಿನಲ್ಲಿ ದೇವರು

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನ ಸಭೆಗಳಲ್ಲಿ ಮಾಡಿದ ಭಾಷಣ)



ಒಂದೇ ನಾಡಿನ ಜನ ಎರಡು ದಂಡಾಗಿ ಕಾದಾಡುವಾಗ ದೇವರು ಯಾರ ಕಡೆ ಇರುತ್ತಾನೆ? ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. 1830-31ರಲ್ಲಿ ನಮ್ಮ ಸೀಮೆಯಲ್ಲೇ ಅಂಥ ಕಾಳಗ ನಡೆಯಿತು. ಚರಿತ್ರೆಯಲ್ಲಿ ಅದಕ್ಕೆ ನಗರದ ದಂಗೆ ಎಂದು ಹೆಸರು.

ಕೆಳದಿ ರಾಜ್ಯ 1763ರಲ್ಲಿ ಹೈದರನ ವಶವಾಗಿತ್ತು. ಆದರೆ ಆ ವೀರಶೈವ ಅರಸರ ನೆನಪು ಜನರ ಮನಸ್ಸಿನಿಂದ ಅಳಿದಿರಲಿಲ್ಲ. ಹೊನ್ನಾಳಿ ಸೀಮೆಯ ಚಿನ್ನಿಕಟ್ಟೆಯ ಸಾದರ ಮಲ್ಲನೆಂಬವನು ಜಂಗಮರೊಬ್ಬರ ಸೇವೆಯಲ್ಲಿದ್ದು, ಅವರ ಬಳಿಯಿದ್ದ ಆ ಮನೆತನದ ಮುದ್ರೆಗಳನ್ನು ಕೈಮಾಡಿಕೊಂಡನು. ಬೂದಿ ಬಸವಪ್ಪನೆಂಬ ಹೆಸರಿನಲ್ಲಿ, ನಗರದ ಅರಸು ತಾನೇ ಎಂದು ಸಾರಿದನು. ರೈತರು ಕೂಟ ಕಟ್ಟಿ ಅವನ ಹಿಂದೆ ನಿಂತರು.

ಹಾಗಾದರೆ ಬರೀ ವಿಭೂತಿ ನೋಡಿ ಅವರು ಮನೆಮಠ ಬಿಟ್ಟು ಬಂದರೇ? ಇಲ್ಲ. ಆಗ ಮೈಸೂರಿನಲ್ಲಿ ಶರತ್ತಿನ ಪದ್ಧತಿ ಇತ್ತು. ಇಂತಿಷ್ಟು ಕಂದಾಯ ತರುತ್ತೇನೆಂದು ಅಮಲ್ದಾರನು ಕರಾರು ಬರೆದುಕೊಡಬೇಕು. ಕಡಿಮೆ ಬಿದ್ದರೆ ತಾನೇ ತುಂಬಬೇಕು. ಅವನು ತುಂಬುತ್ತಿದ್ದುದು ರೈತನ ಕಣಜದಿಂದ! ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ದಂಗೆಗೆ ಸೇರಿದನು. ಅವನಿಗೆ ಬೇಕಾಗಿದ್ದುದು ಕಳೆದುಹೋದ ಪಾಳೆಯಪಟ್ಟು. ಒಬ್ಬೊಬ್ಬರ ಲೆಕ್ಕ ಒಂದೊಂದು. ಎದುರಿಗಿದ್ದ ಅರಸರ ಸೈನ್ಯದ ಸಿಪಾಯಿಯೂ ತನ್ನ ದೇವರಿಗೆ ಕೈಮುಗಿದೇ ಹೊರಟಿದ್ದನು.

ಕೊನೆಗೆ ಆದುದೇನು? ಹೊನ್ನಾಳಿ ಕೋಟೆಗಾಗಿ ಕಾದಾಟವಾಯಿತು. ಸೆರೆಸಿಕ್ಕ ಅನೇಕರನ್ನು ನೇಣಿಗೇರಿಸಿದರು. 1831ರ ಜೂನ್‌ನಲ್ಲಿ ನಗರ ಕಂಪನಿಯ ಸೈನ್ಯದ ಕೈಸೇರಿತು. ಅದೇ ಅಕ್ಟೋಬರಿನಲ್ಲಿ ಕಂಪನಿಯವರು ಮೈಸೂರಿನ ಆಡಳಿತವನ್ನೇ ತೆಗೆದುಕೊಂಡರು. ಅದು ಅರಸರಿಗೆ ಮರಳಿದ್ದು 1881ರಲ್ಲಿ. ಸತ್ತವರು ಎರಡೂ ಕಡೆಯ ಬಡವರು, ಲಾಭ ಮೂರನೆಯವನಿಗೆ.

ಬೇರೆ ದೇಶಗಳ ಕಥೆಯೂ ಇದೇ. ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಬೇಡುವುದು ಒಬ್ಬನೇ ದೇವರನ್ನು ಎಂದು 1865ರಲ್ಲಿ ಲಿಂಕನ್ನರೇ ಹೇಳಿದರು. ಸ್ಪೇನಿನಲ್ಲಿ 1936ರಲ್ಲಿ ಫ್ರಾಂಕೋನ ಕಡೆ ಧರ್ಮಯುದ್ಧವೆಂದು ಹೊರಟ ನವಾರದವರೂ ಕ್ಯಾಥೋಲಿಕರು; ಗಣರಾಜ್ಯದ ಕಡೆ ನಿಂತ ಬಾಸ್ಕರೂ ಕ್ಯಾಥೋಲಿಕರು. ಬಾಸ್ಕ್ ಪಾದ್ರಿಗಳನ್ನು ಗುಂಡಿಟ್ಟು ಕೊಂದವರು ಫ್ರಾಂಕೋನವರೇ!

ಸಾವಿನೆದುರು ನಿಂತ ಬಡವನಿಗೆ ದೇವರು ಧೈರ್ಯ ಕೊಡುತ್ತಾನೆ. ಆ ನಂಬಿಕೆಯನ್ನು ನಾವು ಹಾಸ್ಯ ಮಾಡುವುದಿಲ್ಲ. ಆದರೆ ಚಿನ್ನಿಕಟ್ಟೆಯ ಮುದ್ರೆ ರೈತನ ಕಂದಾಯವನ್ನು ಇಳಿಸಲಿಲ್ಲ. ಗಿರಣಿಯಲ್ಲಾಗಲಿ ಸಂತೆಯಲ್ಲಾಗಲಿ ದೇವರ ಹೆಸರು ಹೇಳಿ ಯಾರಾದರೂ ನಮ್ಮನ್ನು ನಮ್ಮವರ ಮೇಲೆ ಎತ್ತಿಕಟ್ಟಲು ಬಂದರೆ, ಮೊದಲು ಕೇಳೋಣ: ಗೆದ್ದ ಮೇಲೆ ಕಂದಾಯ ಯಾರ ಕೈಗೆ, ನೇಣು ಯಾರ ಕೊರಳಿಗೆ?